ಎಷ್ಟು ಅಂತ ಕೇಳಿದೆಯಾ?

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಬಂದು ನಾಲ್ಕು ದಿನ ಆಯಿತು. ಹುಡುಗನ ವಿಷಯ, ಮದುವೆ ಮಾತುಕತೆ ಎಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿದ್ದಾಳೆ. ಅದನ್ನು ಮತ್ತೆ ಎತ್ತುವುದಿಲ್ಲ. ಎರಡನೇ ಪುಟದ ಕೊನೆಯಲ್ಲಿ ನೀನು ಬರೆದ ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ. 'ಅವರಿಗೆ ಸ್ವಲ್ಪ ಇನ್‌ಕಮ್ ಟ್ಯಾಕ್ಸ್ ಬಾಕಿ ಇದೆಯಂತೆ ದೊಡ್ಡಮ್ಮ. ಎಷ್ಟು ಅಂತ ಕೇಳಲಿಲ್ಲ. ಮದುವೆ ಆದಮೇಲೆ ಅದಕ್ಕೆ ನನ್ನ ಫ್ಲ್ಯಾಟ್ ಹೋಗುತ್ತಾ?'

ಹೋಗುವುದಿಲ್ಲ. ಮೊದಲು ಅಷ್ಟು ಓದಿ ಒಂದು ಲೋಟ ನೀರು ಕುಡಿ.

ನೀನು ಇಂಟರ್ನೆಟ್ಟಿನಲ್ಲಿ ಓದಿ ಹೆದರಿದ್ದು ಬಹುಶಃ ಅಮೆರಿಕದ ಕಥೆ. ಅಲ್ಲಿ ಗಂಡ ಹೆಂಡತಿ ಸೇರಿ ಒಂದೇ ರಿಟರ್ನ್ ಹಾಕಬಹುದು. ಹಾಗೆ ಹಾಕಿದರೆ ಆ ವರ್ಷದ ಪೂರ್ತಿ ತೆರಿಗೆಗೆ ಇಬ್ಬರೂ ಹೊಣೆ. ನಮ್ಮಲ್ಲಿ ಆ ಜೋಡಿ ರಿಟರ್ನ್ ಇಲ್ಲ. ನಿನ್ನ ಪ್ಯಾನ್ ನಿನಗೆ, ಅವನ ಪ್ಯಾನ್ ಅವನಿಗೆ. ಮದುವೆ ಆದ ಮಾತ್ರಕ್ಕೆ ಅವನ ಬಾಕಿ ನಿನ್ನ ತಲೆ ಮೇಲೆ ಬರುವುದಿಲ್ಲ. ನಿನ್ನ ದುಡಿಮೆಯಲ್ಲಿ ಕೊಂಡು, ನಿನ್ನೊಬ್ಬಳ ಹೆಸರಲ್ಲಿ ರಿಜಿಸ್ಟರ್ ಆಗಿರುವ ಮನೆ ನಿನ್ನದೇ.

ಇಷ್ಟು ಬರೆದು ಕಾಗದ ಮುಗಿಸಬಹುದಿತ್ತು. ಆದರೆ 'ಎಷ್ಟು ಅಂತ ಕೇಳಲಿಲ್ಲ' ಅಂದಿದ್ದೀಯಲ್ಲ, ನನ್ನ ನಿದ್ದೆ ಕೆಡಿಸಿರುವುದು ಆ ಮಾತು.

ನಾನು ಸೈಟ್ ಮಾರಿದ ಕಥೆ ನಿಮ್ಮಮ್ಮ ಹೇಳಿರುತ್ತಾಳೆ. ಅದು ಬಿಡು. ಅದಕ್ಕೆ ಮುಂಚಿನದು ಅವಳಿಗೂ ಗೊತ್ತಿಲ್ಲ. ನಿಮ್ಮ ದೊಡ್ಡಪ್ಪ ಅಂಗಡಿಯನ್ನು ಪಾರ್ಟ್‌ನರ್‌ಶಿಪ್ ಮಾಡಿದಾಗ ನನ್ನ ಹೆಸರನ್ನೂ ಸೇರಿಸಿದರು. 'ಹೆಸರಿಗೆ ಮಾತ್ರ' ಅಂದರು. ನಾನು ಸ್ಕೂಲಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ಒಂದು ಕೈಯಲ್ಲಿ ಸೀರೆ ನೆರಿಗೆ ಹಿಡಿದುಕೊಂಡೇ ಅವರು ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಸಹಿ ಹಾಕಿದೆ. ಏನು ಬರೆದಿದೆ ಅಂತ ಓದಲಿಲ್ಲ. ಸುಮ್ನೆ ಹಾಕಿದೆ.

ಐದಾರು ವರ್ಷ ಆದಮೇಲೆ ಒಂದು ತಿಂಗಳು ಸಂಬಳದ ದುಡ್ಡು ತೆಗೆಯಲು ಬ್ಯಾಂಕಿಗೆ ಹೋದೆ. ಸ್ಲಿಪ್ ತೆಗೆದುಕೊಂಡು ಹಿತ್ತಾಳೆ ಟೋಕನ್ ಕೊಟ್ಟರು. ನಂಬರ್ 43. 44 ಕರೆದರು, 45 ಕರೆದರು. ನನಗಿಂತ ಹಿಂದೆ ಬಂದವರು ದುಡ್ಡು ಎಣಿಸಿಕೊಂಡು ಹೊರಟರು. ಆ ಟೋಕನ್ ನನ್ನ ಕೈ ಬೆವರಿಗೆ ಜಾರುತ್ತಿತ್ತು. ಕೊನೆಗೆ ಮ್ಯಾನೇಜರ್ ಒಳಗೆ ಕರೆದು, ಏನೂ ಮಾತಾಡದೆ, ಮೇಜಿನ ಮೇಲೆ ಒಂದು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ತೆರಿಗೆ ಇಲಾಖೆಯ ನೋಟಿಸ್. ನನ್ನ ಹೆಸರು, ನನ್ನ ಅಕೌಂಟ್ ನಂಬರ್. ಫರ್ಮಿನ ತೆರಿಗೆಗೆ ಪ್ರತಿಯೊಬ್ಬ ಪಾರ್ಟ್‌ನರೂ ಪೂರ್ತಿ ಹೊಣೆ ಅಂತ ನನಗೆ ತಿಳಿದದ್ದು ಆ ದಿನ. ಅವರ ಹೆಂಡತಿ ಅನ್ನುವುದಕ್ಕೆ ನನ್ನ ಸಂಬಳ ಹಿಡಿಯಲಿಲ್ಲ. ಆ ಸಹಿಗೆ ಹಿಡಿದರು.

ಮನೆಗೆ ಬಂದು ಬೀರು ತೆಗೆದೆ. ಕೆಳಗಿನ ಅರೆಯಲ್ಲಿ ಹಾಸಿದ್ದ ನ್ಯೂಸ್‌ಪೇಪರಿನ ಅಡಿ ಕಂದು ಕವರುಗಳು. ಕೆಲವನ್ನು ಒಡೆದೇ ಇರಲಿಲ್ಲ. 'ನಿನಗೆ ಯಾಕೆ ಟೆನ್ಷನ್ ಅಂತ ಹೇಳಲಿಲ್ಲ' ಅಂದರು. ಕೆಟ್ಟವರಲ್ಲ ನಿಮ್ಮ ದೊಡ್ಡಪ್ಪ, ನಿನಗೆ ಗೊತ್ತು. ಹೆದರಿದ್ದರು, ಅಷ್ಟೇ.

ಈಗ ಬರೆಯುವುದನ್ನು ಯಾರಿಗೂ ಹೇಳಬೇಡ. ಅದಕ್ಕೂ ವರ್ಷದ ಹಿಂದೆ, ಬೀರು ಒರೆಸುವಾಗ ಅದರಲ್ಲಿ ಒಂದು ಕವರ್ ನನ್ನ ಕಣ್ಣಿಗೆ ಬಿದ್ದಿತ್ತು. ಮೂಲೆಯಲ್ಲಿ ಇಲಾಖೆಯ ಸೀಲ್ ಕಾಣುತ್ತಿತ್ತು. ನಾನೇ ಪೇಪರ್ ಸರಿ ಮಾಡಿ ಮುಚ್ಚಿದೆ. ಕೇಳಿದರೆ ನನಗೆ ನಂಬಿಕೆ ಇಲ್ಲ ಅಂದುಕೊಂಡಾರು ಅಂತ. ನೀನೂ ಅದಕ್ಕೇ ಕೇಳಲಿಲ್ಲ, ಅಲ್ವಾ?

ಹಾಗಾಗಿ 'ಸ್ವಲ್ಪ' ಅನ್ನುವ ಪದಕ್ಕೆ ನಾನು ಹೆದರುತ್ತೇನೆ. ಇಷ್ಟು ತೆರಿಗೆ ಕಟ್ಟು ಅಂತ ಡಿಮ್ಯಾಂಡ್ ನೋಟಿಸ್ ಬಂದು 30 ದಿನದೊಳಗೆ ಕಟ್ಟದಿದ್ದರೆ ತಿಂಗಳಿಗೆ 1 ಪರ್ಸೆಂಟ್ ಬಡ್ಡಿ. ತಿಂಗಳಲ್ಲಿ ಒಂದು ದಿನ ಜಾಸ್ತಿ ಆದರೂ ಪೂರ್ತಿ ತಿಂಗಳ ಲೆಕ್ಕ. 10 ಲಕ್ಷ ಬಾಕಿ ಐದು ವರ್ಷ ಕೂತರೆ ಬಡ್ಡಿಯೇ 6 ಲಕ್ಷ. ದಂಡ ಬೇರೆ ಇರಬಹುದು. ಅವನಿಗೇ ಮೊತ್ತ ಸರಿಯಾಗಿ ಗೊತ್ತಿಲ್ಲದೆ ಇರಬಹುದು. ಇಲಾಖೆಯ ಇ-ಫೈಲಿಂಗ್ ಪೋರ್ಟಲ್ಲಿನಲ್ಲಿ ಅವನು ಲಾಗಿನ್ ಆಗಿ, 'ಪೆಂಡಿಂಗ್ ಆಕ್ಷನ್ಸ್' ಒಳಗೆ 'ರೆಸ್ಪಾನ್ಸ್ ಟು ಔಟ್‌ಸ್ಟ್ಯಾಂಡಿಂಗ್ ಡಿಮ್ಯಾಂಡ್' ಅಂತ ಇರುವುದನ್ನು ತೆಗೆದರೆ ಯಾವ ವರ್ಷದ್ದು ಎಷ್ಟು ಅಂತ ಕಾಣುತ್ತದೆ. ಪಕ್ಕದಲ್ಲಿ ಕೂತು ಇಬ್ಬರೂ ನೋಡಿ. ಟಿಡಿಎಸ್, ಅಂದರೆ ದುಡ್ಡು ಕೊಡುವವರೇ ಮೊದಲೇ ಹಿಡಿದು ಕಟ್ಟಿದ ತೆರಿಗೆ, ಲೆಕ್ಕಕ್ಕೆ ಹೊಂದಿಕೆಯಾಗದೆ ತಪ್ಪಾಗಿ ಬಂದ ಡಿಮ್ಯಾಂಡೂ ಇರುತ್ತದೆ. ಹಾಗಿದ್ದರೆ ಒಪ್ಪಿಲ್ಲ ಅಂತ ಅಲ್ಲೇ ಉತ್ತರ ಕೊಡಬಹುದು. ನಿಜವಾದ ಬಾಕಿಯಾದರೆ ಕಂತಿನಲ್ಲಿ ಕಟ್ಟುತ್ತೇನೆ ಅಂತ ಅಧಿಕಾರಿಗೆ ಅರ್ಜಿ ಹಾಕಬಹುದು. ನಾವು ಆ ಅರ್ಜಿ ಹಾಕಿದ್ದು ಸೈಟ್ ಮಾರಿ ಆದಮೇಲೆ. ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಮತ್ತೆ ಫ್ಲ್ಯಾಟಿನ ವಿಷಯಕ್ಕೆ ಬರುತ್ತೇನೆ. ಎಲ್ಲಿ ಎಡವಬಹುದು ಅಂತ ನನಗೆ ತೋಚಿದ್ದು ಹೇಳುತ್ತೇನೆ. ನಾನು ವಕೀಲಳಲ್ಲ, ಮೇಷ್ಟ್ರು. ಒಬ್ಬ ಒಳ್ಳೆ ಆಡಿಟರನ್ನು ಕೇಳು, ಅವನ ಆಡಿಟರನ್ನಲ್ಲ. ಸೆಕ್ಷನ್ ನಂಬರ್ ಬರೆಯುವುದಿಲ್ಲ. ನನಗೆ ಬಾಯಿಗೆ ಬರುವುದು 1961ರ ಕಾಯ್ದೆಯವು, 2025ರ ಹೊಸ ಕಾಯ್ದೆಯಲ್ಲಿ ಅವೆಲ್ಲ ಬದಲಾಗಿವೆ.

ಪ್ರೀತಿಗೆ ಅಂತ ಫ್ಲ್ಯಾಟಿಗೆ ಅವನ ಹೆಸರು ಸೇರಿಸಬೇಡ, ಬಾಕಿ ತೀರುವವರೆಗೆ. ಹೆಸರು ಸೇರಿದರೆ ಅವನ ಪಾಲು ಹುಟ್ಟುತ್ತದೆ, ಆ ಪಾಲಿಗೆ ಇಲಾಖೆ ಕೈ ಹಾಕಬಹುದು. ಹಾಗೆಯೇ ನಿನ್ನ ಸಂಬಳದ ಅಕೌಂಟನ್ನು ಜಾಯಿಂಟ್ ಮಾಡಬೇಡ. ಜಾಯಿಂಟ್ ಅಕೌಂಟಿನಲ್ಲಿ ಇಬ್ಬರದೂ ಸಮಪಾಲು ಅಂತ ಕಾನೂನು ಮೊದಲಿಗೇ ಎಣಿಸುತ್ತದೆ. ಅಲ್ಲ, ಎಲ್ಲ ನನ್ನದೇ ಅಂತ ಸಾಬೀತು ಮಾಡುವ ಹೊಣೆ ನಿನ್ನ ಮೇಲೆ ಬೀಳುತ್ತದೆ. ಮನೆ ಖರ್ಚಿಗೆ ಬೇಕಾದರೆ ಒಂದು ಸಣ್ಣ ಜಾಯಿಂಟ್ ಅಕೌಂಟ್ ಇರಲಿ, ಆ ತಿಂಗಳ ಖರ್ಚಿಗೆ ಆಗುವಷ್ಟು.

ಇನ್ನೊಂದು ಉಲ್ಟಾ ದಾರಿಯೂ ಇದೆ. ಅವನ ಸೈಟೋ ಎಫ್‌ಡಿಯೋ ಉಳಿಸಲು 'ನಿನ್ನ ಹೆಸರಿಗೆ ಮಾಡಿಬಿಡೋಣ' ಅಂತ ಮನೆಯಲ್ಲಿ ಯಾರಾದರೂ ಹೇಳುತ್ತಾರೆ. ಒಪ್ಪಬೇಡ. ಸರಿಯಾದ ಬೆಲೆ ಇಲ್ಲದೆ ಹೆಂಡತಿಯ ಹೆಸರಿಗೆ ಮಾಡಿದ ಆಸ್ತಿಯನ್ನು ವಸೂಲಿಯ ಹೊತ್ತಿಗೆ ಗಂಡನದೇ ಅಂತ ಎಣಿಸುತ್ತಾರೆ. ಉಳಿಯುವುದೂ ಇಲ್ಲ, ನಿನ್ನ ಹೆಸರು ಫೈಲಿಗೆ ಸೇರಿಕೊಳ್ಳುತ್ತದೆ.

ಪಾರ್ಟ್‌ನರ್ ಆಗಬೇಡ ಅಂತ ಬೇರೆ ಹೇಳಬೇಕಾ? ಡೈರೆಕ್ಟರ್ ಕೂಡ. ಪ್ರೈವೇಟ್ ಕಂಪನಿಯಿಂದ ವಸೂಲಾಗದ ತೆರಿಗೆ ಆ ಕಾಲದ ಡೈರೆಕ್ಟರುಗಳ ಬೆನ್ನು ಹತ್ತುತ್ತದೆ. ನನ್ನ ತಪ್ಪಿಲ್ಲ ಅಂತ ನೀನೇ ತೋರಿಸಬೇಕು. ಅವನ ಸಾಲಕ್ಕೆ ಜಾಮೀನು ಸಹಿಯೂ ಬೇಡ.

ಮದುವೆಗೆ ಮುಂಚೆ ಒಂದು ಒಪ್ಪಂದ ಬರೆಸಿಕೊಳ್ಳಲಾ ಅಂತಲೂ ಕೇಳಿದ್ದೀಯ. ನಮ್ಮ ಕೋರ್ಟುಗಳಲ್ಲಿ ಅದನ್ನು ನೆಚ್ಚಿಕೊಂಡು ಕೂರಲು ಆಗುವುದಿಲ್ಲ. ಅದರ ಬದಲು ಫ್ಲ್ಯಾಟಿನ ಸೇಲ್ ಡೀಡ್, ನೀನೇ ಕಂತು ಕಟ್ಟಿದ ಬ್ಯಾಂಕ್ ಸ್ಟೇಟ್‌ಮೆಂಟ್, ಒಡವೆಯ ಬಿಲ್ಲು ಎಲ್ಲ ಒಂದು ಫೈಲಿನಲ್ಲಿ ಹಾಕಿ ನಿಮ್ಮಮ್ಮನ ಹತ್ತಿರ ಇಡು. ನನ್ನ ಹತ್ತಿರ ಅಂಥ ಫೈಲ್ ಇರಲಿಲ್ಲ. ಸೈಟ್ ಅಪ್ಪ ಕೊಟ್ಟದ್ದು ಅಂತ ತೋರಿಸಲು ಎಷ್ಟು ಅಲೆದೆ!

ಇಷ್ಟೆಲ್ಲ ಓದಿ ಮದುವೆ ಬೇಡ ಅನ್ನುತ್ತಿದ್ದಾಳೆ ಅಂದುಕೊಳ್ಳಬೇಡ. ಬಾಕಿ ಇದೆ ಅಂತ ಮದುವೆಗೆ ಮುಂಚೆ ಬಾಯಿಬಿಟ್ಟು ಹೇಳಿದ ಹುಡುಗ ನನಗೆ ಇಷ್ಟವಾದ. ಅಷ್ಟು ಹೇಳಿದವನು ಉಳಿದದ್ದನ್ನೂ ಹೇಳುತ್ತಾನೆ, ನೀನು ಕೇಳಿದರೆ. ಕೇಳಿದಾಗ ಮುಖ ಸಣ್ಣಗೆ ಮಾಡಿಕೊಂಡರೂ ಮಾಡಿಕೊಳ್ಳಲಿ, ಒಂದು ದಿನದ ಮಾತು. ಕೋಪ ಮಾಡಿಕೊಂಡು ಮಾತೇ ತಿರುಗಿಸಿದರೆ ಮಾತ್ರ ನನಗೆ ಹೇಳು.

ಈ ಭಾನುವಾರ ಕೇಳು. ಎಷ್ಟು, ಯಾವ ವರ್ಷದ್ದು, ನೋಟಿಸಿಗೆ ಉತ್ತರ ಕೊಟ್ಟಿದ್ದಾನಾ. ಕೇಳಿದ ತಕ್ಷಣ ಫೋನ್ ಮಾಡು. ಮಧ್ಯಾಹ್ನ ಮಲಗಿರುತ್ತೇನೆ ಅಂತ ಸಂಜೆವರೆಗೆ ಕಾಯಬೇಡ, ಫೋನನ್ನು ತಲೆದಿಂಬಿನ ಪಕ್ಕವೇ ಇಟ್ಟುಕೊಂಡಿರುತ್ತೇನೆ.

ನಿನ್ನ
ದೊಡ್ಡಮ್ಮ