ಪೊಲೀಸರ ಕರ್ತವ್ಯವನ್ನು ಚಿತ್ರೀಕರಿಸುವ ಹಕ್ಕಿನ ಕುರಿತು ಅಣ್ಣನ ಮಗಳಿಗೊಂದು ಪತ್ರ

ಚಿರಂಜೀವಿ ಮಗಳಿಗೆ ನಿನ್ನ ಚಿಕ್ಕಪ್ಪ ಮಾಡುವ ಆಶೀರ್ವಾದಗಳು.

ನಡುರಸ್ತೆಯಲ್ಲಿ ಒಬ್ಬನನ್ನು ಲಾಠಿಯಿಂದ ಹೊಡೆಯುತ್ತಿದ್ದುದನ್ನು ನೀನು ಮೊಬೈಲಿನಲ್ಲಿ ಚಿತ್ರೀಕರಿಸಿದಾಗ ಪೇದೆಯೊಬ್ಬರು ಗದರಿಸಿ ಅದನ್ನು ಅಳಿಸಿಹಾಕಿಸಿದರೆಂದು ತಿಳಿಸಿ, ನಾನು ಮಾಡಿದ್ದು ತಪ್ಪೇ ಎಂದು ಕೇಳಿದ್ದೀಯೆ. ಖಂಡಿತ ತಪ್ಪಲ್ಲ. ಸಾರ್ವಜನಿಕ ಸ್ಥಳದಲ್ಲಿ ಎಲ್ಲರ ಕಣ್ಣೆದುರಿಗೆ ಕರ್ತವ್ಯ ನಿರ್ವಹಿಸುವ ಪೊಲೀಸರನ್ನು ಚಿತ್ರೀಕರಿಸಬಾರದೆಂದು ಹೇಳುವ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. ಠಾಣೆಯೊಳಗೆ ವಿಡಿಯೊ ಮಾಡಿದವರೊಬ್ಬರ ಮೇಲೆ ಅಧಿಕೃತ ರಹಸ್ಯಗಳ ಕಾಯ್ದೆಯಡಿ ದಾಖಲಾಗಿದ್ದ ಪ್ರಕರಣವನ್ನು ಬಾಂಬೆ ಹೈಕೋರ್ಟಿನ ನಾಗಪುರ ಪೀಠವು 2022ರಲ್ಲಿ ರದ್ದುಪಡಿಸಿ, ಪೊಲೀಸ್ ಠಾಣೆಯು ಆ ಕಾಯ್ದೆಯ ಪ್ರಕಾರ ‘ನಿಷೇಧಿತ ಸ್ಥಳ’ವಲ್ಲವೆಂದು ಹೇಳಿತು. ಠಾಣೆಯ ಮಾತೇ ಹೀಗಿರುವಾಗ ರಸ್ತೆಯ ಮಾತೇನು?

ಆದರೆ ಹಕ್ಕಿದೆಯೆಂದ ಮಾತ್ರಕ್ಕೆ ಹೇಗೆ ಬೇಕಾದರೂ ನಡೆದುಕೊಳ್ಳಬಹುದೆಂದಲ್ಲ. ಸರ್ಕಾರಿ ನೌಕರನ ಕೆಲಸಕ್ಕೆ ಅಡ್ಡಿಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 221ನೇ ಕಲಮಿನಡಿ ಅಪರಾಧ, ಮತ್ತು ಚಿತ್ರೀಕರಿಸುವವರ ಮೇಲೆ ಮೊದಲು ಹೊರಿಸುವ ಆರೋಪವೂ ಬಹುಮಟ್ಟಿಗೆ ಅದೇ. ಆದ್ದರಿಂದ ದೂರದಲ್ಲಿ ನಿಲ್ಲು. ಹಿಂದಕ್ಕೆ ಸರಿಯೆಂದರೆ ನಾಲ್ಕು ಹೆಜ್ಜೆ ಸರಿ, ಸರಿದ ಮೇಲೂ ಚಿತ್ರೀಕರಿಸುತ್ತಲೇ ಇರು. ಬೈಯಬೇಡ, ವಾದಕ್ಕಿಳಿಯಬೇಡ, ಲಾಠಿಗೂ ಆ ಮನುಷ್ಯನಿಗೂ ನಡುವೆ ಹೋಗಬೇಡ. ಸುಮ್ಮನೆ ನಿಂತು ನೋಡುವವಳ ಮೇಲೆ ಅಡ್ಡಿಯ ಆರೋಪ ಹೊರಿಸುವುದು ಸುಲಭವಲ್ಲ.

2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಪೊಲೀಸರ ಹಿಡಿತದಲ್ಲಿದ್ದ ಜಾರ್ಜ್ ಫ್ಲಾಯ್ಡ್ ಎಂಬವರು ಸತ್ತಾಗ ಪೊಲೀಸ್ ಇಲಾಖೆಯ ಮೊದಲ ಪ್ರಕಟಣೆಯಲ್ಲಿದ್ದದ್ದು ವೈದ್ಯಕೀಯ ತೊಂದರೆಯ ಮಾತು. ಅವರ ಕುತ್ತಿಗೆಯ ಮೇಲೆ ಅಧಿಕಾರಿಯ ಮೊಣಕಾಲು ಒಂಬತ್ತು ನಿಮಿಷಕ್ಕೂ ಹೆಚ್ಚು ಕಾಲ ಇದ್ದುದರ ಸುದ್ದಿಯೇ ಅಲ್ಲಿರಲಿಲ್ಲ. ಹದಿನೇಳರ ಹುಡುಗಿಯೊಬ್ಬಳು ಕಾಲುದಾರಿಯಲ್ಲಿ ಕದಲದೆ ನಿಂತು ತೆಗೆದ ವಿಡಿಯೊ ಆ ಪ್ರಕಟಣೆಯನ್ನು ಸುಳ್ಳಾಗಿಸಿತು, ಮರುವರ್ಷ ಆ ಅಧಿಕಾರಿ ಕೊಲೆಯ ಅಪರಾಧಿಯೆಂದು ತೀರ್ಮಾನವಾಯಿತು. ಅವಳು ನಿನಗಿಂತ ಚಿಕ್ಕವಳು ಎಂಬುದನ್ನು ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ಹಾಗೆಂದು ವಿಡಿಯೊ ಇದ್ದರೆ ನ್ಯಾಯ ಸಿಕ್ಕೇ ಸಿಗುತ್ತದೆಂದು ನಂಬಬೇಡ. 1991ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ರಾಡ್ನಿ ಕಿಂಗ್ ಅವರನ್ನು ಪೊಲೀಸರು ಬಡಿಯುತ್ತಿದ್ದುದನ್ನು ಒಬ್ಬರು ತಮ್ಮ ಬಾಲ್ಕನಿಯಿಂದ ಸೆರೆಹಿಡಿದಿದ್ದರು. ಮರುವರ್ಷದ ವಿಚಾರಣೆಯಲ್ಲಿ ಪೊಲೀಸರ ಪರ ವಕೀಲರು ಅದೇ ಚಿತ್ರವನ್ನು ಚೌಕಟ್ಟು ಚೌಕಟ್ಟಾಗಿ ನಿಧಾನಿಸಿ ತೋರಿಸುತ್ತ, ಪ್ರತಿ ಏಟಿಗೂ ಒಂದೊಂದು ಸಮರ್ಥನೆ ಕಟ್ಟಿದರು. ಆ ನ್ಯಾಯಾಲಯದಲ್ಲಿ ಯಾವ ಅಧಿಕಾರಿಗೂ ಶಿಕ್ಷೆಯಾಗಲಿಲ್ಲ. ಇಬ್ಬರಿಗೆ ಶಿಕ್ಷೆಯಾಗಿದ್ದು ಆಮೇಲೆ ಫೆಡರಲ್ (ಕೇಂದ್ರ) ನ್ಯಾಯಾಲಯದಲ್ಲಿ ನಡೆದ ವಿಚಾರಣೆಯಲ್ಲಿ. ಹೀಗಿರುವುದರಿಂದಲೇ ಆದಷ್ಟು ಮೊದಲಿನಿಂದ ಕೊನೆಯವರೆಗೆ, ನಿಲ್ಲಿಸದೆ, ಕತ್ತರಿಸದೆ ತೆಗೆಯಬೇಕೆನ್ನುತ್ತೇನೆ. ಏಟು ಬೀಳುವ ಹತ್ತು ಸೆಕೆಂಡನ್ನಷ್ಟೇ ತೆಗೆದರೆ ಅದರ ಹಿಂದೆ ಏನಾಯಿತೆಂಬುದನ್ನು ಯಾರು ಬೇಕಾದರೂ ತಮಗೆ ಬೇಕಾದಂತೆ ಹೇಳಬಹುದು.

ಮೂಲ ಕಡತವನ್ನು ಜೋಪಾನ ಮಾಡು. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊವಾಗಿ ಕಳಿಸಿದರೆ ಅದು ಕುಗ್ಗಿ ಬೇರೆಯೇ ಕಡತವಾಗುತ್ತದೆ; ನ್ಯಾಯಾಲಯಕ್ಕಾದರೋ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ, ಆ ಕಡತ ಯಾವುದು, ಹೇಗೆ ತಯಾರಾಯಿತು ಎಂಬುದನ್ನು ಹೇಳುವ ಪ್ರಮಾಣಪತ್ರದ ಜೊತೆ ಒಪ್ಪಿಸಬೇಕಾಗುತ್ತದೆ. ಅಳಿಸಿದ ವಿಡಿಯೊ ಫೋನಿನ ಕಸದ ಬುಟ್ಟಿಯಲ್ಲಿ ಸಾಮಾನ್ಯವಾಗಿ ಕೆಲವು ವಾರ ಉಳಿದಿರುತ್ತದೆ, ಈ ಪತ್ರ ಓದಿದ ಕೂಡಲೇ ಹುಡುಕಿ ನೋಡು. ಇನ್ನು ಮುಂದೆ ಯಾರಾದರೂ ಅಳಿಸೆಂದರೆ ಶಾಂತವಾಗಿ ನಿರಾಕರಿಸು. ಫೋನನ್ನೇ ವಶಪಡಿಸಿಕೊಳ್ಳುವುದಾದರೆ ಯಾವ ಪ್ರಕರಣಕ್ಕೆಂದು ಕೇಳಿ, ಮಹಜರು ಬರೆಯುವಂತೆ ಒತ್ತಾಯಿಸು. ಬಲವಂತಕ್ಕಿಳಿದರೆ ಮಾತ್ರ ಕೈ ಬಿಟ್ಟುಬಿಡು. ನಿನ್ನ ಮೈಗಿಂತ ಫೋನು ದೊಡ್ಡದಲ್ಲ, ದೂರು ಆಮೇಲೆ ಕೊಡಬಹುದು.

ಕಡೆಯದಾಗಿ, ಏಟು ತಿಂದವನ ವಿಚಾರ. ಇದನ್ನು ಬಹಳ ಜನ ಮರೆಯುತ್ತಾರೆ. ಅವನ ಅವಮಾನ ಊರೆಲ್ಲ ಹರಿದಾಡಬೇಕೇ ಎಂಬುದನ್ನು ತೀರ್ಮಾನಿಸಬೇಕಾದವನು ಅವನೇ. ಮಕ್ಕಳ, ಲೈಂಗಿಕ ದೌರ್ಜನ್ಯಕ್ಕೊಳಗಾದವರ ಗುರುತು ಬಹಿರಂಗಪಡಿಸಿದರೆ ಕಾನೂನೇ ನಿನ್ನನ್ನು ಹಿಡಿಯುತ್ತದೆ. ಉಳಿದವರ ವಿಷಯದಲ್ಲೂ ಜಾಲತಾಣಕ್ಕೆ ಹಾಕುವ ಆತುರ ಬೇಡ. ಸಾಧ್ಯವಾದರೆ ಮೊದಲು ಅವನನ್ನೋ, ಅವನ ಮನೆಯವರನ್ನೋ, ವಕೀಲರನ್ನೋ ಕಂಡು ಒಂದು ಪ್ರತಿ ಕೊಟ್ಟು, ಏನು ಮಾಡಬೇಕೆಂದು ಅವರನ್ನೇ ಕೇಳು.

ಇಂತಿ,
ನಿನ್ನ ಚಿಕ್ಕಪ್ಪ