ಬಸ್ಸಿನಲ್ಲಿ ಅಕ್ಕ ಸೀನಿದ್ದು

ರಾಣೆಬೆನ್ನೂರು
ಭಾನುವಾರ ರಾತ್ರಿ

ಅವ್ವೀ,

ನೀನು ನನ್ನ ಫೋನ್ ಎತ್ತದೆ ಇವತ್ತಿಗೆ 12 ದಿನ. ನಿಮ್ಮವ್ವನ ಜೊತೆ ಮಾತಾಡುತ್ತೀ, ಪಕ್ಕದಲ್ಲಿ ನಾನು ಕೆಮ್ಮಿದ ಸದ್ದು ಬಂದರೆ ಕಟ್ ಮಾಡುತ್ತೀ. ಅದಕ್ಕೇ ಕಾಗದ. ಇದನ್ನು ಕಟ್ ಮಾಡೋಕೆ ಬರೋದಿಲ್ಲ. ಹರಿಯಬಹುದು, ಆದರೆ ಓದದೆ ಹರಿಯುವವಳಲ್ಲ ನೀನು.

ಅವತ್ತು ಅಡುಗೆಮನೆಯಲ್ಲಿ ಆದ ಮಾತು ಇಬ್ಬರಿಗೂ ನೆನಪಿದೆ. ಮತ್ತೆ ಬರೆಯೋದಿಲ್ಲ. 'ಬೀಗರಿಗೆ ಗೊತ್ತಾದರೆ' ಅಂತ ನಾನು ಶುರು ಮಾಡಿದೆನಲ್ಲ, ಆ ಮಾತನ್ನು ವಾಪಸ್ ತಗೊಂಡಿದ್ದೇನೆ.

ಆಪರೇಷನ್ ಮುಚ್ಚಿಟ್ಟದ್ದು ತಪ್ಪೇ. ಆದರೆ ಮಗಳ ಮುಂದೆ ಅದನ್ನು ಯಾವ ಬಾಯಿಂದ ಹೇಳಲಿ? ಹತ್ತಿಯ ಲೆಕ್ಕದಲ್ಲಿ ಹೇಳುತ್ತೇನೆ, ನಿನಗೆ ತಿಳಿಯುತ್ತದೆ. ಸಣ್ಣವಳಿದ್ದಾಗ ಸೀಡ್ ಪ್ಲಾಟಿಗೆ ನನ್ನ ಹಿಂದೆ ಬರುತ್ತಿದ್ದೆ. ಮಧ್ಯಾಹ್ನದ ಮೇಲೆ ಹೆಣ್ಣು ಸಾಲಿನ ಮೊಗ್ಗು ಸುಲಿದು, ಒಳಗಿನ ಗಂಡು ಭಾಗವನ್ನು ಉಗುರಿನಲ್ಲಿ ಎಬ್ಬಿಸಿ ತೆಗೆದು, ಕೆಂಪು ಕಾಗದದ ಚೀಲ ಹಾಕುತ್ತಿದ್ದರು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಸವರಿ, ದಾರ ಕಟ್ಟುತ್ತಿದ್ದರು. ದಾರ ನಿನ್ನ ಪಾಲಿನ ಕೆಲಸ. 1972ರಲ್ಲಿ ಧಾರವಾಡದಲ್ಲಿ ವರಲಕ್ಷ್ಮಿ ಅನ್ನುವ ಹೈಬ್ರಿಡ್ ಹತ್ತಿ ತಳಿ ಹುಟ್ಟಿದ ಮೇಲೆ ನಮ್ಮ ಕಡೆ ಎಷ್ಟೋ ಮನೆಗಳು ಈ ಕೆಲಸದಿಂದ ಉಂಡಿವೆ, ನಮ್ಮದೂ ಸೇರಿ. ಮೊಗ್ಗು ಸುಲಿಯುವುದಕ್ಕೆ ನಮ್ಮ ರಿಜಿಸ್ಟರಿನಲ್ಲಿ 'ಎಮ್ಯಾಸ್ಕ್ಯುಲೇಷನ್' ಅಂತ ಬರೆಯುತ್ತಿದ್ದೆವು, ಅಂದರೆ ಗಂಡುತನ ತೆಗೆಯೋದು. 30 ವರ್ಷ ಬರೆದೆ. ಹೋದ ತಿಂಗಳು ನನಗೂ ಅದನ್ನೇ ಮಾಡಿದರು. ಕೆಂಪು ಚೀಲ ಒಂದು ಹಾಕಲಿಲ್ಲ.

ಗಂಡಸಿನ ಹಾರ್ಮೋನ್ ನಿಲ್ಲಿಸುವ ಇಂಜೆಕ್ಷನ್ ತಗೊಳ್ಳುತ್ತಾ ಹೋದರೂ ನಡೆಯುತ್ತಿತ್ತಂತೆ. ಒಂದೇ ಸಲ ಮುಗಿಸಿಬಿಡಿ ಅಂದವನು ನಾನೇ. ಪ್ರಾಸ್ಟೇಟ್ ಕ್ಯಾನ್ಸರ್ ಗಂಡಸಿನ ಹಾರ್ಮೋನ್ ಮೇಲೆ ಬದುಕುತ್ತದೆ ಅನ್ನೋದನ್ನು 1941ರಲ್ಲೇ ಶಿಕಾಗೋದ ಚಾರ್ಲ್ಸ್ ಹಗಿನ್ಸ್ ತೋರಿಸಿದರು, 1966ರಲ್ಲಿ ಅವರಿಗೆ ನೊಬೆಲ್ ಬಂತು. ಹಾರ್ಮೋನ್ ಹೋಗಿ ಕೋಶದೊಳಗಿನ ರಿಸೆಪ್ಟರ್ ಮೇಲೆ ಕೂರುತ್ತದೆ. ಆ ರಿಸೆಪ್ಟರ್ ನ್ಯೂಕ್ಲಿಯಸ್ಸಿಗೆ ಹೋಗಿ 'ಬೆಳೆ' ಅಂತ ಹುಕುಂ ಕೊಡುತ್ತದೆ. ಪಿಎಸ್‌ಎ ಅನ್ನುವ ಪ್ರೋಟೀನ್ ಮಾಡು ಅನ್ನುವ ಹುಕುಮೂ ಅಲ್ಲಿಂದಲೇ, ರಕ್ತದಲ್ಲಿ ಅದನ್ನು ಅಳೆದು ರೋಗದ ಜೋರು ನೋಡುತ್ತಾರೆ. 4ರ ಒಳಗಿರಬೇಕಾದ ನನ್ನ ಪಿಎಸ್‌ಎ 186 ಇತ್ತು, ಈಗ 9. ನಡುರಾತ್ರಿ ಮೈಯೆಲ್ಲ ಬಿಸಿಯಾಗಿ ಬೆವರಿ ಎದ್ದು ಕೂರುತ್ತೇನೆ. ನಿಮ್ಮವ್ವ 'ಈಗ ತಿಳೀತಾ ನಮ್ಮ ಸಂಕಟ' ಅಂತ ಬೀಸಣಿಗೆ ಕೊಡುತ್ತಾಳೆ.

ಈ ಕಾಗದ ಬರೆಯೋಕೆ ಕಾರಣ ಅದ್ಯಾವುದೂ ಅಲ್ಲ. ನಿನ್ನೆ ನೀನು ನಿಮ್ಮವ್ವನಿಗೆ ಅಂದದ್ದು ಸ್ಪೀಕರಿನಲ್ಲಿ ನನಗೂ ಕೇಳಿಸಿತು. 'ಮೊದಲು ಮದುವೆ ಮುಗೀಲಿ, ಟೆಸ್ಟ್ ಆಮೇಲೆ ನೋಡೋಣ.'

ಈ ಮಾತನ್ನು ನಾನು ಹಿಂದೊಮ್ಮೆ ಕೇಳಿದ್ದೇನೆ.

1994ರ ಫೆಬ್ರವರಿ. ನನ್ನ ಮದುವೆಗೆ ಸೀರೆ ತರೋಕೆ ಅಕ್ಕನೂ ನಾನೂ ಹುಬ್ಬಳ್ಳಿ ಬಸ್ ಹತ್ತಿದ್ದೆವು. ಅಕ್ಕ ಕಿಟಕಿಗೆ, ಮಡಿಲಲ್ಲಿ ಶೇಂಗಾದ ಪೊಟ್ಟಣ. ಮೋಟೆಬೆನ್ನೂರಿನಲ್ಲಿ ಬ್ಯಾಡಗಿ ಮೆಣಸಿನಕಾಯಿ ಚೀಲಗಳನ್ನು ಬಸ್ಸಿನ ಮೇಲೆ ಹೇರಿದರು. ಘಾಟು ಒಳಗೆಲ್ಲ ತುಂಬಿತು. ಕಂಡಕ್ಟರ್ ಸೀನಿದ, ನಾನು ಸೀನಿದೆ, ಎಲ್ಲರೂ ನಗುತ್ತಿದ್ದರು. ಅಕ್ಕನೂ ಸೀನಿದಳು. ಸೀನಿದ್ದೇ ಎಡಗೈಯನ್ನು ಸೆರಗಿನೊಳಗೆ ಒತ್ತಿ ಹಿಡಿದು ಮುಂದಕ್ಕೆ ಬಾಗಿದಳು. ಮುಖ ಬೆಳ್ಳಗಾಗಿತ್ತು. 'ಏನಾಯ್ತಕ್ಕಾ?' ಅಂದೆ. 'ಏನಿಲ್ಲೋ, ಬ್ಲೌಸ್ ಬಿಗಿ ಆಗೇತಿ' ಅಂದಳು. ಶೇಂಗಾ ಕೆಳಗೆ ಚೆಲ್ಲಿತ್ತು. ಬಗ್ಗಿ ಆರಿಸಿದಳು, ಬಲಗೈ ಒಂದರಿಂದಲೇ. ಎಡಗೈ ಸೆರಗಿನಿಂದ ಹೊರಗೆ ಬರಲಿಲ್ಲ. ನಾನು ನೋಡಿದೆ. ನೋಡಿ, ಇಳಕಲ್ ಸೀರೆ ದುರ್ಗದಬೈಲಿನಲ್ಲಿ ಎಷ್ಟಕ್ಕೆ ಸಿಗಬಹುದು ಅಂತ ಕೇಳಿದೆ.

ಮರಳಿ ಬರುವಾಗ ಮತ್ತೊಮ್ಮೆ ಕೇಳಿದ್ದೆ. ಆಗ ಅಂದಳು, 'ಮೊದಲು ನಿನ್ನ ಮದುವೆ ಮುಗೀಲಿ.' ಗಂಟು ಆಗಲೇ ನಿಂಬೆಕಾಯಿ ಗಾತ್ರ ಇತ್ತಂತೆ, ಅವಳಿಗೆ ಗೊತ್ತೂ ಇತ್ತು. 1995ರಲ್ಲಿ ಹೋದಳು, 39ಕ್ಕೆ. ಬಲಗೈಯಲ್ಲಿ ಒಂದೊಂದೇ ಶೇಂಗಾ ಎತ್ತಿ ಊದಿ ಪೊಟ್ಟಣಕ್ಕೆ ಹಾಕುತ್ತಿದ್ದಳು.

ಹಣೆಬರಹ ಅಂದುಕೊಂಡು 30 ವರ್ಷ ಕಳೆದೆ. ಈಗ ನನ್ನ ರಿಪೋರ್ಟಿನಲ್ಲಿ ಅದರ ಹೆಸರು ಬಂದಿದೆ, ಬಿಆರ್‌ಸಿಎ2. 13ನೇ ಕ್ರೋಮೋಸೋಮಿನಲ್ಲಿರುವ ಜೀನ್. ಡಿಎನ್‌ಎಯ ಎರಡೂ ಎಳೆ ಕಡಿದರೆ ಅದನ್ನು ಸರಿಯಾಗಿ ಕೂಡಿಸುವ ಕೆಲಸಕ್ಕೆ ಇದು ಬೇಕು. ನಮ್ಮ ಮನೆಯದು ಕೆಟ್ಟಿದೆ. ಹೆಂಗಸರಲ್ಲಿ ಸ್ತನಕ್ಕೆ, ಅಂಡಾಶಯಕ್ಕೆ ಕ್ಯಾನ್ಸರ್ ತರಬಹುದು. ಗಂಡಸರಲ್ಲಿ ಪ್ರಾಸ್ಟೇಟಿಗೆ, ಅದೂ ಬೇಗ ಹರಡುವ ಜಾತಿ. ಅಕ್ಕನದೂ ನನ್ನದೂ ಒಂದೇ ಬೇರು ಇರಬೇಕು. ಅವಳು ಹೋದ ವರ್ಷವೇ, 1995ರಲ್ಲಿ, ಇಂಗ್ಲೆಂಡಿನಲ್ಲಿ ಮೈಕೆಲ್ ಸ್ಟ್ರಾಟನ್ ಅವರ ತಂಡ ಈ ಜೀನ್ ಹುಡುಕಿತ್ತು.

ಹರಡಿದ್ದು ಹೇಗೆ ಅಂತ ಡಾಕ್ಟರನ್ನು ಬಿಡದೆ ಕೇಳಿದೆ. ಅವರು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. 1889ರಲ್ಲಿ ಸ್ಟೀಫನ್ ಪೇಜೆಟ್ ಅನ್ನುವ ಡಾಕ್ಟರ್, ಕ್ಯಾನ್ಸರ್ ಬೀಜ ಇದ್ದ ಹಾಗೆ, ಒಪ್ಪುವ ನೆಲದಲ್ಲಿ ಮಾತ್ರ ಹುಟ್ಟುತ್ತದೆ ಅಂತ ಬರೆದರಂತೆ. ಬೀಜದ ಮಾತು ಬಂದದ್ದೇ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ.

ಗ್ರಂಥಿಯ ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಅಂಟು ಇದೆ, ಇ-ಕ್ಯಾಡೆರಿನ್. ಕೆಟ್ಟ ಕೋಶ ಮೊದಲು ಅದನ್ನು ಬಿಡುತ್ತದೆ. ಸುತ್ತಲಿನ ಬಲೆಯನ್ನು ಕರಗಿಸುವ ರಸ ಬಿಟ್ಟು ರಕ್ತಕ್ಕೆ ಇಳಿಯುತ್ತದೆ. ಬಹುಪಾಲು ದಾರಿಯಲ್ಲೇ ಸಾಯುತ್ತವೆ. ಉಳಿದವು ಬೆನ್ನೆಲುಬಿಗೇ ಯಾಕೆ ಹೋಗಬೇಕು? ಸೊಂಟದ ರಕ್ತನಾಳಗಳಿಂದ ಬೆನ್ನೆಲುಬಿಗೆ ಕವಾಟ ಇಲ್ಲದ ದಾರಿ ಇದೆ, ಅದು ಒಂದು. ಇನ್ನೊಂದು ಕೇಳು. ಎಲುಬಿನ ಮಜ್ಜೆ ರಕ್ತ ಹುಟ್ಟಿಸುವ ತನ್ನ ಕೋಶಗಳನ್ನು ಮನೆಗೆ ಕರೆಯೋಕೆ ಸಿಎಕ್ಸ್‌ಸಿಎಲ್12 ಅನ್ನುವ ವಾಸನೆ ಬಿಡುತ್ತದೆ. ವಾಸನೆ ಅನ್ನೋದು ನನ್ನ ಮಾತು, ಡಾಕ್ಟರ್ ಸಿಗ್ನಲ್ ಅಂದರು. ಕ್ಯಾನ್ಸರ್ ಕೋಶಕ್ಕೂ ಅದನ್ನು ಹಿಡಿಯುವ ಮೂಗು ಇರುತ್ತದೆ. ಅದರ ಗುಂಟ ಹೋಗಿ ಮನೆಮಕ್ಕಳ ಜಾಗದಲ್ಲೇ ಕೂರುತ್ತದೆ. ವರ್ಷಗಟ್ಟಲೆ ಸುಮ್ನೆ ಮಲಗಿರಲೂಬಹುದು.

ಎದ್ದ ಮೇಲೆ ಮಾಡುವುದು ವಿಚಿತ್ರ. ಎಲುಬನ್ನು ತಿನ್ನುವ ಕ್ಯಾನ್ಸರ್‌ಗಳು ಬೇರೆ, ಇದು ಹೆಚ್ಚಾಗಿ ಎಲುಬು ಕಟ್ಟಿಸುತ್ತದೆ. ಎಂಡೋಥೆಲಿನ್-1 ಅಂಥವನ್ನು ಬಿಟ್ಟು ಎಲುಬು ಕಟ್ಟುವ ಕೋಶಗಳನ್ನು ಕೆಲಸಕ್ಕೆ ಹಚ್ಚುತ್ತದೆ. ನೂಲು ಹಿಡಿಯದ ಗೌಂಡಿ ಕಟ್ಟಿದ ಗೋಡೆ ನೋಡಿದ್ದೀಯಲ್ಲ, ಸಿಮೆಂಟು ಜಾಸ್ತಿ, ಗಟ್ಟಿ ಇಲ್ಲ. ಜೊತೆಗೆ ಹಳೇ ಎಲುಬು ಕೆಡವುವ ಕೆಲಸವೂ ನಡೆಯುತ್ತದೆ. ಅದರೊಳಗೆ ಹುಗಿದಿದ್ದ ಬೆಳವಣಿಗೆಯ ರಸ ಹೊರಬಂದು ಕ್ಯಾನ್ಸರ್‌ಗೆ ಗೊಬ್ಬರವಾಗುತ್ತದೆ. ತಾನೇ ನೆಲ ಹದ ಮಾಡಿಕೊಳ್ಳುವ ಬೀಜವನ್ನು ನಾನು ಎಲ್ಲೂ ಕಂಡಿಲ್ಲ. ಪೇಜೆಟ್ ಸಾಹೇಬರು ನಮ್ಮ ಎರೆಹೊಲ ನೋಡಬೇಕಿತ್ತು. ಸ್ಕ್ಯಾನಿನಲ್ಲಿ ನನ್ನ ಬೆನ್ನಿನ ತುಂಬ ಕಪ್ಪು ಚುಕ್ಕೆ. ಎಲುಬು ಎಲ್ಲಿ ಕಟ್ಟುತ್ತಿದೆಯೋ ಅಲ್ಲೆಲ್ಲ ಚುಕ್ಕೆ. ಎಂಟು ತಿಂಗಳು ಅದನ್ನೇ ನಾನು ಪ್ಲಾಟಿನಲ್ಲಿ ಬಗ್ಗಿದ ನೋವು ಅಂತ ಎಣ್ಣೆ ತಿಕ್ಕಿಸಿಕೊಂಡೆ. ನೀನು ದೀಪಾವಳಿಗೆ ಬಂದಾಗಲೇ ತೋರಿಸು ಅಂದಿದ್ದೆ. ನಾನೇನಂದೆ ಅನ್ನೋದು ಬೇಡ.

ಪೂರ್ತಿ ವಾಸಿ ಆಗೋದಿಲ್ಲ. ಹಾರ್ಮೋನ್ ನಿಲ್ಲಿಸಿದರೂ ಒಂದು ದಿನ ಅದು ದಾರಿ ಹುಡುಕುತ್ತದೆ. ಎಷ್ಟೋ ಜನರಲ್ಲಿ ರಿಸೆಪ್ಟರ್ ತುಂಡಾಗಿ ಹುಟ್ಟಿ, ಹಾರ್ಮೋನ್ ಇಲ್ಲದೆಯೇ ಹುಕುಂ ಕೊಡುತ್ತಾ ಹೋಗುತ್ತದೆ. ಅದಕ್ಕೂ ಔಷಧ ಇವೆ. ಕೆಟ್ಟ ಬಿಆರ್‌ಸಿಎ2 ಇದ್ದವರಿಗೆ ಒಲಾಪರಿಬ್ ಅಂತ ಗುಳಿಗೆ ಕೂಡ ಇದೆ. ನನ್ನ ಚಿಂತೆ ನನಗಿರಲಿ.

ಈ ಕೆಟ್ಟ ಜೀನ್ ನನ್ನಿಂದ ನಿನಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಬಂದಿದ್ದರೆ, ಅಂಥ 100 ಹೆಂಗಸರಲ್ಲಿ 60ರ ಆಸುಪಾಸು ಮಂದಿಗೆ ಬದುಕಿನಲ್ಲಿ ಒಮ್ಮೆ ಸ್ತನದ ಕ್ಯಾನ್ಸರ್ ಆಗುತ್ತದೆ. ಗೊತ್ತಿದ್ದವರು 25ರಿಂದಲೇ ವರ್ಷಕ್ಕೊಮ್ಮೆ ಎಂಆರ್‌ಐ ಮಾಡಿಸುತ್ತಾರೆ. ನಿನಗೆ 27. ಎರಡು ವರ್ಷ ಆಗಲೇ ಹೋಯ್ತು, ಅಲ್ವಾ? ರಾತ್ರಿ ಎರಡರವರೆಗೆ ಲ್ಯಾಪ್‌ಟಾಪ್ ಮುಂದೆ ಕೂರಬೇಡ. ಹೆಲ್ಮೆಟ್ ಬಕಲ್ ಹಾಕು. ಬರೀ ಮ್ಯಾಗಿ ತಿನ್ನಬೇಡ, ನಿಮ್ಮವ್ವ ಕಳಿಸಿದ ಖಡಕ್ ರೊಟ್ಟಿ ಹಾಗೇ ಇದೆಯಂತೆ. ನೋಡು, ಎಲ್ಲಿಂದ ಎಲ್ಲಿಗೆ ಹೋದೆ.

ಹೊಲದಲ್ಲಿ ಬೇರೆ ತಳಿಯ ಗಿಡ ಕಂಡರೆ ಕಿತ್ತು ಬಿಸಾಡುವುದು ನನ್ನ ನೌಕರಿಯಾಗಿತ್ತು. 'ಬೀಗರಿಗೆ ಗೊತ್ತಾದರೆ' ಅಂದಾಗ ಅದೇ ಕಣ್ಣಿಂದ ಮಗಳನ್ನು ನೋಡಿದೆ ಅನ್ನಿಸಿತು. ಆಮೇಲೆ ನಿದ್ದೆ ಬಂದಿಲ್ಲ. ಎದುರಿಗೆ ನಿಂತು ನನ್ನನ್ನು ಬೈದೆಯಲ್ಲ, ಸಿಟ್ಟು ಬಂತು, ಆದರೆ ಅಕ್ಕ ಹೀಗೆ ಒಮ್ಮೆಯಾದರೂ ಕೂಗಾಡಿದ್ದರೆ ಅಂತಲೂ ಅನ್ನಿಸಿತು. ಹುಡುಗನಿಗೆ ನೀನೇ ಹೇಳುತ್ತೀಯೋ, ನಾನು ಹೋಗಿ ಅವರಪ್ಪನ ಮುಂದೆ ಕೂತು ಹೇಳಲೋ, ನೀನು ಅಂದ ಹಾಗೆ. ಮದುವೆ ನಿಂತರೆ ನಿಲ್ಲಲಿ. ಕಲ್ಯಾಣಮಂಟಪದ ಅಡ್ವಾನ್ಸು ನನ್ನ ತಲೆನೋವು.

ಎಡಗೈ ಹೊರಗೆ ತೆಗಿ ಅಕ್ಕ ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು. ಬಸ್ಸಿನಲ್ಲಿ ಅಲ್ಲದಿದ್ದರೆ ಇಳಿದ ಮೇಲೆ.

ರಿಪೋರ್ಟಿನ ಜೆರಾಕ್ಸ್ ಜೊತೆಗಿಟ್ಟಿದ್ದೇನೆ. ಎರಡನೇ ಪುಟದಲ್ಲಿ ಕೆಂಪು ಗೆರೆ ಎಳೆದಿರುವ ಸಾಲನ್ನು ತೋರಿಸು. ಮನೆಯವರಿಗೆ ಆ ಒಂದು ತಪ್ಪನ್ನು ಹುಡುಕಿದರೆ ಆಯ್ತಂತೆ, ಸ್ವಲ್ಪ ರಕ್ತ ಸಾಕು. ಮೊದಲು ಜೆನೆಟಿಕ್ ಕೌನ್ಸೆಲರ್ ಹತ್ತಿರ ಮಾತಾಡು, ಒಬ್ಬಳೇ ಹೋಗಬೇಡ.

ಗುರುವಾರ ನನಗೆ ಎಲುಬಿನ ಇಂಜೆಕ್ಷನ್, ಬೆಳಿಗ್ಗೆ ಆರೂವರೆ ಬಸ್ಸಿಗೆ ಹುಬ್ಬಳ್ಳಿಗೆ ಹೊರಡುತ್ತೇನೆ. ಫೋನ್ ಮಾಡುವುದಾದರೆ ಹಾವೇರಿ ದಾಟಿದ ಮೇಲೆ ಮಾಡು. ಮೆಣಸಿನಕಾಯಿ ಸೀಸನ್ನು, ಅದಕ್ಕೂ ಮೊದಲು ಸೀನುತ್ತಿರುತ್ತೇನೆ.

ನಿನ್ನ
ಅಪ್ಪ