ಆ ರಾತ್ರಿ ಟ್ರಂಕು ತೆಗೆಸಿದ ಕಾಕಾಗೆ

ಗೆಳೆಯರೇ, ತಿದ್ದಿದ ಪಿಪಿಓ, ಅಂದರೆ ಪಿಂಚಣಿ ಪಾವತಿ ಆದೇಶ, ಹೋದ ವಾರ ಕೈಸೇರಿತು. ಸೈನ್ಯದ ನೌಕರಿಯ ಅಂಗವೈಕಲ್ಯ ಪಿಂಚಣಿ ಮಂಜೂರಾಗಿದೆ. ವೈದ್ಯಕೀಯ ಮಂಡಳಿ (ಬೋರ್ಡ್) ಬರೆದಿದ್ದ ಶೇ 30ರ ಅಂಗವೈಕಲ್ಯವನ್ನು ನಿಯಮದಂತೆ ಶೇ 50ಕ್ಕೆ ಏರಿಸಿ ಲೆಕ್ಕ ಹಾಕಿದ್ದಾರೆ. ಕಾಯಿಲೆಯ ಕಥೆ ನಿಮಗೆಲ್ಲ ಗೊತ್ತು, ಮತ್ತೆ ತಲೆ ತಿನ್ನುವುದಿಲ್ಲ.

ನಿವೃತ್ತಿಯ ಹೊತ್ತಿಗೆ ವೈದ್ಯಕೀಯ ಮಂಡಳಿ ನನ್ನ ಕಾಗದದ ಮೇಲೆ 'ನಾನಾ' ಅಂತ ಷರಾ ಬರೆದಿತ್ತು. ಇಂಗ್ಲಿಷಿನ ನಾಲ್ಕು ಅಕ್ಷರ. ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಜಾಸ್ತಿಯಾದದ್ದೂ ಅಲ್ಲ ಅಂತ ಅರ್ಥ. ಕನ್ನಡದ ಕಿವಿಗೆ ಅದು ಬೇರೆಯೇ ಕೇಳುತ್ತದೆ. ಹಾಗಾದರೆ ಇದಕ್ಕೆ ಕಾರಣ ಯಾರು, ನಾನಾ?

ಆ ಷರಾದಿಂದಾಗಿ ಅಂಗವೈಕಲ್ಯ ಪಿಂಚಣಿ ಇಲ್ಲ ಅಂದರು. ಮೊದಲ ಮೇಲ್ಮನವಿ ತಿರಸ್ಕಾರವಾಯಿತು. ಆರು ತಿಂಗಳ ಗಡುವಿನೊಳಗೆ ಎರಡನೆಯದು ಹಾಕಿದೆ. ಅದೂ ತಿರಸ್ಕಾರವಾಯಿತು. ಆ ಪತ್ರ ಬಂದ ರಾತ್ರಿ ಕಲಬುರಗಿಯ ನಮ್ಮ ಓಣಿಯಲ್ಲಿ ಕರೆಂಟ್ ಇರಲಿಲ್ಲ. ಸೆಕೆ. ಕಾಗದವನ್ನೆಲ್ಲ ಒಲೆಗೆ ಹಾಕುತ್ತೇನೆ ಅಂತ ಹೆಂಡತಿಯ ಮೇಲೆ ಕೂಗಾಡಿದೆ. ಪಕ್ಕದ ಮನೆಯ ಟೈಪಿಂಗ್ ಅಂಗಡಿ ಕಾಕಾ ಎದ್ದು ಬಂದರು. ಅವರು ಪಲ್ಟನ್ ಮುಖ ನೋಡಿದವರಲ್ಲ. ಸಮಾಧಾನದ ಒಂದು ಮಾತೂ ಆಡಲಿಲ್ಲ. "ತಮ್ಮಾ, ಟ್ರಂಕ್ ತಗಿ" ಅಂದರು, ಅಷ್ಟೇ.

ಬಿಳಿ ಬಣ್ಣದಲ್ಲಿ ನನ್ನ ನಂಬರ್ ಬರೆದ ಕಪ್ಪು ಟ್ರಂಕು. ಮೊಬೈಲ್ ಬೆಳಕಿನಲ್ಲಿ ಒಂದೊಂದೇ ಹಾಳೆ ತೆಗೆದು, ಬೆರಳಿಗೆ ಎಂಜಲು ಹಚ್ಚಿಕೊಂಡು, ವರ್ಷದ ಪ್ರಕಾರ ನೆಲದ ಮೇಲೆ ಜೋಡಿಸಿದರು. ನಾನು ಗೋಡೆಗೆ ಒರಗಿ ಸುಮ್ನೆ ಕುಳಿತಿದ್ದೆ. ನಡುವೆ ಒಮ್ಮೆ, "ಕಾಕಾ, ನನ್ನ ಮೈಯೇ ಸುಳ್ಳು ಹೇಳಾಕತ್ತದೇನೋ" ಅಂದು ಅತ್ತುಬಿಟ್ಟೆ. ಹದಿನೇಳು ವರ್ಷದ ನೌಕರಿಯಲ್ಲಿ ಯಾರ ಮುಂದೆಯೂ ಹಾಗೆ ಅತ್ತಿರಲಿಲ್ಲ. ಅವರು ತಲೆ ಎತ್ತಿ ನೋಡಲಿಲ್ಲ. ನೋಡದೆ ಇದ್ದದ್ದೇ ಒಳ್ಳೆಯದಾಯಿತು.

ಬೆಳಗಿನ ಜಾವ ಒಂದು ಹಾಳೆ ನನ್ನ ಮುಂದೆ ಹಿಡಿದರು. ಭರ್ತಿಯಾದ ದಿನದ ವೈದ್ಯಕೀಯ ತಪಾಸಣೆ. "ಬರೂವಾಗ ನಿನಗ ಏನೂ ಇದ್ದಿಲ್ಲಂತ ಇವರೇ ಬರದಾರಲ್ಲೋ. ಮತ್ತ ಎಲ್ಲಿಂದ ಬಂತು?"

ಆಮೇಲೆ ವಕೀಲರ ಹತ್ತಿರ ಹೋದಾಗ ತಿಳಿಯಿತು, ಸುಪ್ರೀಂ ಕೋರ್ಟ್ 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಸೇರುವಾಗ ಕಾಯಿಲೆ ದಾಖಲಾಗಿರದಿದ್ದರೆ ಅದು ಸೇವೆಯಿಂದಲೇ ಬಂತು ಅಂತ ತಿಳಿಯಬೇಕು. ಅಲ್ಲ ಅನ್ನುವವರು ಕಾರಣ ಕೊಡಬೇಕು. ನನ್ನ ಬೋರ್ಡಿನ ಕಾಗದದಲ್ಲಿ ಕಾರಣದ ಜಾಗದಲ್ಲಿ ಇದ್ದದ್ದು ಒಂದೇ ಸಾಲು. ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಲ್ಲಿ ನಮ್ಮ ಕೇಸು ನಿಂತದ್ದೇ ಕಾಕಾ ಹುಡುಕಿದ ಆ ಭರ್ತಿ ದಿನದ ಹಾಳೆಯ ಮೇಲೆ. ನನ್ನ ಹಾಗೆ ಅವಧಿ ಮುಗಿಸಿ ಬಂದವರಿಗೂ ಶೇಕಡಾವಾರು ಏರಿಸಿ ಕೊಡಬೇಕೆಂದು 2014ರಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ತೀರ್ಪಾಗಿತ್ತು. ಅದೂ ಕೈ ಹಿಡಿಯಿತು.

ವಕೀಲರಿಗೆ, ಸೈನಿಕ ಕಲ್ಯಾಣ ಕಚೇರಿಯ ಸಿಬ್ಬಂದಿಗೆ, ಹಳೇ ಕಾಗದದ ಫೋಟೋ ಹುಡುಕಿ ಕಳಿಸಿದ ಪಲ್ಟನ್ ಗೆಳೆಯರಿಗೆ, ತೊಗರಿ ಮಾರಿದ ದುಡ್ಡು ತಂದುಕೊಟ್ಟ ಆಳಂದದ ಮಾವನಿಗೆ, ರೊಟ್ಟಿ-ಹಿಂಡಿ ಕಟ್ಟಿ ಕಳಿಸಿದ ವೈನಿಗೆ ಕೈ ಮುಗಿಯುತ್ತೇನೆ. ಹೆಂಡತಿಗೆ ಇಲ್ಲಿ ಥ್ಯಾಂಕ್ಸ್ ಬರೆದರೆ ಬೈಯುತ್ತಾಳೆ. ಆ ರಾತ್ರಿ ಬೆಂಕಿಪೆಟ್ಟಿಗೆ ಬಚ್ಚಿಟ್ಟವಳು ಅವಳು ಅಂತ ಮಾತ್ರ ಹೇಳುತ್ತೇನೆ.

ಕಾಕಾ ಟೈಪಿಂಗಿಗೆ ಒಂದು ರೂಪಾಯಿ ಮುಟ್ಟಲಿಲ್ಲ. ಜೆರಾಕ್ಸ್ ದುಡ್ಡು ಮಾತ್ರ ಬಿಡಲಿಲ್ಲ, ಅದು ಮಗನ ಮಷೀನಂತೆ! ಮೊನ್ನೆ ಪೇಡೆ ಡಬ್ಬಿ, ಹೊಸ ಪಿಪಿಓ ಹಿಡಿದು ಅಂಗಡಿಗೆ ಹೋದೆ. ಕನ್ನಡಕ ಏರಿಸಿ ಎರಡು ಸಲ ಓದಿದರು. ಪೇಡೆ ಬಾಯಿಗೆ ಹಾಕಿಕೊಂಡು, "ಮೂರು ಕಾಪಿ ತಗಸು, ಟ್ರಂಕ್‌ನ್ಯಾಗ ಒಂದು ಇರಲಿ" ಅಂದರು. ಆರು ರೂಪಾಯಿ ಕೊಟ್ಟು ಬಂದೆ.